ಕೊರಕಲಂಚಿನ ಒಡ್ಡು

ಆ ಹೊಲ ನೆನಪಾದಾಗಲೆಲ್ಲ ಬೂದಿ ಬಣ್ಣದಲ್ಲೇ ಕಣ್ಣಿಗೆ ಬರುತ್ತದೆ. ಮಹಿ ನದಿಯ ದಂಡೆಯ ಮಣ್ಣು ಬೂದಿ ಬಣ್ಣದ್ದಲ್ಲ, ತಿಳಿಯಾದ ಕಂದು ಎಂಬುದು ನನಗೆ ಗೊತ್ತು. ನಾನು ಮೊದಲ ಸಲ ಹೋದ ದಿನ ಮೋಡ ಮುಚ್ಚಿತ್ತೋ ಏನೋ. ಅಥವಾ ಆಮೇಲಿನ ಎರಡು ವರ್ಷದ ದಿಗಿಲು ಹಿಂದಕ್ಕೆ ಹೋಗಿ ಮೊದಲ ದಿನಕ್ಕೂ ಬಣ್ಣ ಬಳಿದಿರಬಹುದು. ಆ ಕಾಲದ ನನ್ನ ದಿನಚರಿಗಳಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನ ಇದೆ, ಹಲ್ಲುನೋವು ಇದೆ, ಹೊಲದ ಬಣ್ಣ ಇಲ್ಲ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಎಷ್ಟು ಕಂಡದ್ದು, ಎಷ್ಟು ಸೇರಿಕೊಂಡದ್ದು ಎಂದು ನನಗೇ ಖಚಿತವಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಾವು ವಡೋದರಾದ ಮಂಜಲ್‌ಪುರದಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ರೈಲ್ವೆಯಲ್ಲಿ ಹಳಿಗಳ ಇನ್ಸ್‌ಪೆಕ್ಟರ್. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದವಳು, ಫತೇಗಂಜ್ ಕಡೆಯ ಲೈಬ್ರರಿಯಲ್ಲಿ ಕೂತು, ಮುಗಿಯುವ ಲಕ್ಷಣವಿಲ್ಲದ ಸಂಶೋಧನೆಯೊಂದನ್ನು ಎಳೆಯುತ್ತಿದ್ದೆ. ಪಕ್ಕದ ಮನೆಯಲ್ಲಿ ಪ್ರೈಮರಿ ಶಾಲೆಯ ಶಿಕ್ಷಕಿಯೊಬ್ಬಳಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಗಂಡ ತೀರಿಹೋಗಿದ್ದ. ಅಲ್ಲಿಯವರಂತೆ ನಾವೂ ಅವಳನ್ನು ಬೆನ್, ಅಂದರೆ ಅಕ್ಕ, ಎನ್ನುತ್ತಿದ್ದೆವು.

ಬೆನ್‌ಗೆ ಗಂಡನಿಂದ ಉಳಿದದ್ದು ಮಹಿಯ ಕೊರಕಲುಗಳ ಅಂಚಿನ ಒಂದು ಹೊಲ. ಬಸ್ಸಿನಲ್ಲಿ ಒಂದು ತಾಸು, ಅಲ್ಲಿಂದ ನಡಿಗೆ. ಊರಿನ ಆಡು ಎಮ್ಮೆಗಳೆಲ್ಲ ವರ್ಷವಿಡೀ ನುಗ್ಗಿ ಬೇರು ಸಮೇತ ಮೇಯ್ದ ನೆಲ. ಮೇಲೆ ಗಟ್ಟಿ ಹೊರಪದರ ಕಟ್ಟಿತ್ತು. ಮಳೆ ಬಿದ್ದರೆ ನೀರು ಒಳಗಿಳಿಯದೆ ಜಾರಿ ಕೊರಕಲಿಗೆ ಹೋಗುತ್ತಿತ್ತು, ಹೋಗುವಾಗ ಹೊಲದ ಅಂಚನ್ನು ಕಚ್ಚಿಕೊಂಡು ಹೋಗುತ್ತಿತ್ತು. ಪಕ್ಕದ ತಗ್ಗಿನ ಹೊಲ ಅವಳ ಗಂಡನ ಅಣ್ಣನದು. ಆ ಭಾವ ಎರಡೂ ಹೊಲಗಳಿಗೆ ಯಜಮಾನನಂತಿದ್ದ. ಅವನ ಲೆಕ್ಕದಲ್ಲಿ ಹುಲ್ಲೂ ಹುಟ್ಟದ ಮಣ್ಣು ಇಟ್ಟಿಗೆ ಭಟ್ಟಿಗಾದರೂ ಆಗಲಿ. ಭಟ್ಟಿಯವರು ಆಳುದ್ದ ಅಗೆದುಕೊಂಡು ಹೋದ ಮೇಲೆ ಉಳಿಯುವುದು ಹೊಂಡ. ಅದು ಮತ್ತೆ ಹೊಲವಾಗುವುದಿಲ್ಲ. ಬೆನ್ ಅದನ್ನು ನೆನೆಸಿಕೊಂಡರೆ ಊಟ ಬಿಡುತ್ತಿದ್ದಳು.

ಈ ವಿಷಯ ಇತ್ಯರ್ಥವಾದ ದಿನ ನಾನು ಜೊತೆಗಿದ್ದೆ. ಶಹರದಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಓಡಾಡುವ ಬೆನ್, ಭಾವನ ಅಂಗಳಕ್ಕೆ ಕಾಲಿಟ್ಟೊಡನೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ಗಂಡನ ಅಣ್ಣನೆದುರು ಲಾಜ್ ಹಿಡಿಯಬೇಕು: ಮುಖ ತೋರಿಸಬಾರದು, ನೇರ ಮಾತಾಡಬಾರದು. ಅವನೂ ಅಷ್ಟೆ, ತಮ್ಮನ ಹೆಂಡತಿಯ ಹತ್ತಿರ ಸುಳಿಯಬಾರದು, ನೆರಳು ತಾಗುವಷ್ಟು ಸಮೀಪ ನಿಲ್ಲಬಾರದು. ಮಾತೆಲ್ಲ ನಡುವಿನವರ ಮೂಲಕ. ಆ ದಿನ ನಡುವಿನವಳು ನಾನು. ಅವರಾಡಿದ್ದು ಗುಜರಾತಿ. ಆದರೆ ನನ್ನ ತಲೆಯಲ್ಲಿ ಅವರೆಲ್ಲ ಧಾರವಾಡದ ಕನ್ನಡವನ್ನೇ ಮಾತಾಡುತ್ತಾರೆ, ಅದಕ್ಕೆ ನಾನೇನೂ ಮಾಡಲಾರೆ.

"ಎರಡು ಮಳಿಗಾಲ ಕೊಡಂತ ಹೇಳ್ರಿ," ಎಂದಳು ಬೆನ್ ನನ್ನ ಕಿವಿಯ ಹತ್ತಿರ, ಅಂಗಳದ ಆಚೆಗೂ ಕೇಳುವಷ್ಟು ಜೋರಾಗಿ.

ನಾನು ಬಾಯಿ ತೆರೆಯುವ ಮೊದಲೇ ಭಾವ ಬೇವಿನ ಮರಕ್ಕೆ ಹೇಳಿದ. "ಕೊಟ್ಟೆ ಅಂತ ಹೇಳ್ರಿ. ಎರಡನೇ ದೀಪಾವಳಿಗೆ ದನ ಬಾಯಿ ಹಾಕೋವಷ್ಟು ಹುಲ್ಲು ಕಾಣಲಿಲ್ಲಂದ್ರ ಟ್ರ್ಯಾಕ್ಟರ್ ತರಸ್ತೀನಿ. ಆವಾಗ ಅಳಬ್ಯಾಡಂತ ಹೇಳ್ರಿ."

ದನಗಳಿಂದ ಹಾಳಾದ ನೆಲಕ್ಕೆ ದನವನ್ನೇ ಬಿಡುವ ಯೋಚನೆ ಯಾರದು ಎಂಬುದರಲ್ಲಿ ಈಗಲೂ ಒಮ್ಮತವಿಲ್ಲ. ನನ್ನದೆಂದು ನನ್ನ ನೆನಪು. ನಮ್ಮ ಕಡೆ ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ತರುಬುತ್ತಾರೆ; ಕುರಿಗಾರರು ನಾಲ್ಕಾರು ದಿನ ಮಂದೆಯನ್ನು ಒಂದೇ ಕಡೆ ಕೂಡಿಹಾಕಿ, ಹಿಕ್ಕೆ ಗಂಜಲ ಬಿದ್ದ ಮೇಲೆ ಮುಂದಕ್ಕೆ ಸಾಗುತ್ತಾರೆ. ಅದನ್ನು ನಾನು ಮಂಜಲ್‌ಪುರದ ಕಟ್ಟೆಯ ಮೇಲೆ ಕೂತು ಹೇಳಿದ್ದೆ. ನನ್ನ ಗಂಡ ತಾನೇ ಹೇಳಿದ್ದೆನ್ನುತ್ತಾರೆ. ಬೆನ್ ಹೇಳುವಂತೆ ಅದು ನಮ್ಮ ಓಣಿಗೆ ಹಾಲು ಹಾಕುತ್ತಿದ್ದ ಭರವಾಡನ ಮಾತು. ಭರವಾಡರು ಅಲ್ಲಿಯ ದನಗಾಹಿಗಳು. ಈತನ ಆಕಳುಗಳಿಗೆ ಮೇಯಲು ಜಾಗವಿರಲಿಲ್ಲ; ಗೋಮಾಳವಿದ್ದ ಕಡೆಯೆಲ್ಲ ಮನೆಗಳೆದ್ದಿದ್ದವು. ರಸ್ತೆಗೆ ಬಿಟ್ಟರೆ ಹಿಡಿದು ಬೀದಿ ದನಗಳ ದೊಡ್ಡಿಗೆ ಹಾಕುತ್ತಿದ್ದರು.

ಏನೇ ಇರಲಿ, ಬೆನ್ ಹೊಲಕ್ಕೆ ಬಳ್ಳಾರಿ ಜಾಲಿಯ ಮುಳ್ಳಿನ ಬೇಲಿ ಬಿತ್ತು. ಭರವಾಡ ಬೇಸಿಗೆಯಲ್ಲಿ ಆಕಳುಗಳನ್ನು ತಂದು, ಹಗ್ಗ ಕಟ್ಟಿದ ಒಂದೊಂದೇ ತುಂಡಿನಲ್ಲಿ ನಿಲ್ಲಿಸಿ, ಕೊಯ್ದು ತಂದ ಮೇವನ್ನು ಅಲ್ಲೇ ಹಾಕಿದ. ಗೊರಸು ಬಿದ್ದು ನೆಲದ ಹೊರಪದರ ಒಡೆಯಿತು, ಸಗಣಿ ಬಿತ್ತು. ಮಳೆಗಾಲಕ್ಕೆ ಹೊರಗೆ ಹೋದ. ಹುಲ್ಲು ಎದ್ದು ತೆನೆ ಕಟ್ಟುವವರೆಗೆ ಒಂದು ಕರುವೂ ಒಳಗೆ ಬರಬಾರದೆಂದು ಮಾತಾಯಿತು.

ನೀರು ನಿಲ್ಲಿಸುವ ಕೆಲಸ ನನ್ನ ಗಂಡನದು. ಕೊರಕಲಿನ ನೆತ್ತಿಯಲ್ಲಿ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿಸಿದರು. ಚೆಂದವಾಗಿತ್ತು, ರೈಲಿನ ದಿಬ್ಬದಂತೆ ಇಳಿಜಾರು ತಿದ್ದಿದ ಒಡ್ಡು. ಅದರ ಬುಡದಲ್ಲಿ ಎರಡು ಮೋರಿ ಪೈಪು ಕೂಡಿಸಿದರು. ನೌಕರಿಯುದ್ದಕ್ಕೂ ಹಳಿಯ ಕೆಳಗೆ ನೀರು ನಿಲ್ಲದಂತೆ ಕಾದ ಮನುಷ್ಯ. ನಿಂತ ನೀರು ಕಂಡರೆ ಅವರ ಕೈ ತಾನಾಗಿ ದಾರಿ ಬಿಡುತ್ತಿತ್ತು. "ನೀರು ನಿಂತ್ರ ದಿಬ್ಬ ಮೆತ್ತಗಾಗತದ," ಎಂದರು. ಮೊದಲ ಮಳೆಗಾಲದಲ್ಲಿ ಹೊಲದ ನೀರೆಲ್ಲ ಆ ಪೈಪುಗಳಿಗೆ ಕೂಡಿ ಬಂದು, ಆಚೆ ಕಡೆ ಚಿಮ್ಮಿ, ಬೆನ್ ಹೊಲದ ಮೂಲೆಯಲ್ಲೇ ಹೊಸದೊಂದು ಕೊರಕಲನ್ನು ತೋಡಿತು.

ಭರವಾಡ ಅದರ ದಡದಲ್ಲಿ ನಿಂತು ಇಣುಕಿದ. "ರೈಲ್ ಸಾಹೇಬ್ರ, ಇದರಾಗ ಯಾವ ಗಾಡಿ ಓಡಸ್ತೀರಿ?"

"ನಿನ್ನ ಆಕಳಾ ತುಂಬಿ ಅಹಮದಾಬಾದಿಗೆ ಕಳಸ್ತೀನಿ," ಎಂದು ಗಂಡ ನಕ್ಕರು. ಆದರೆ ಒಂದು ಮಳೆಗಾಲ ಕೈಬಿಟ್ಟುಹೋಗಿತ್ತು. ಹುಲ್ಲೇನೋ ಅಲ್ಲಲ್ಲಿ ಚುಕ್ಕೆಯಂತೆ ಎದ್ದಿತ್ತು; ಭಾವ ಬಂದು ನೋಡಿ, ಒಂದು ಗುಪ್ಪೆಯನ್ನು ಕಾಲ್ಬೆರಳಿನಿಂದ ಮೀಟಿ ಹೋಗಿದ್ದ.

ಮರುವರ್ಷ ಪೈಪುಗಳ ಬಾಯಿಗೆ ಮಣ್ಣು ತುಂಬಿ ಒಡ್ಡನ್ನು ಎತ್ತರಿಸಿದೆವು. ಹೆಚ್ಚಾದ ನೀರು ಹೋಗಲು ಒಂದು ಪಕ್ಕದಲ್ಲಿ ಅಗಲವಾದ, ಆಳವಿಲ್ಲದ ಕೋಡಿ ಬಿಟ್ಟು, ಅದರ ತುಂಬ ಹುಲ್ಲಿನ ಹೆಂಟೆ ನೆಟ್ಟೆವು. ಹಳೆಯ ಮಣ್ಣಿಗೂ ಹೊಸ ಮಣ್ಣಿಗೂ ಹೊಂದಿಕೆಯಾಗಲು ಸಮಯ ಬೇಕಿತ್ತು. ಸಮಯ ಇರಲಿಲ್ಲ.

ಆ ಮಳೆ ಎಷ್ಟು ದಿನ ಹಿಡಿದಿತ್ತೋ ಹೇಳಲಾರೆ. ವಿಶ್ವಾಮಿತ್ರಿ ನದಿ ಏರುತ್ತಿದೆ ಎಂದು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಗಂಡ ಹಳಿ ಕಾಯಲು ಹೋದವರು ಮನೆಗೆ ಬಂದಿರಲಿಲ್ಲ. ಹೋಗುವಾಗ ಬಾಗಿಲಲ್ಲಿ ಕೂತು ಗಮ್‌ಬೂಟು ಎಳೆದುಕೊಳ್ಳುತ್ತ ಒಡ್ಡಿನ ವಿಷಯ ಏನೋ ಹೇಳಿದ್ದರು. ಒಲೆಯ ಮೇಲೆ ಹಾಲಿತ್ತು. ನೀರು ಒಡ್ಡಿನ ತಲೆಗೆ ಒಂದು ಗೇಣು ಉಳಿದರೆ, ಎಂದಲ್ಲಿಗೆ ನನ್ನ ಕಿವಿಗೆ ಬಿದ್ದದ್ದು ನಿಲ್ಲುತ್ತದೆ. ಉಳಿದರೆ ಏನು? ಕಡಿಯಿರಿ ಎಂದರೋ, ಕಡಿಯಬೇಡಿ ಎಂದರೋ?

ಬೆಳಿಗ್ಗೆ ಬೆನ್ ಕೊಡೆ ಹಿಡಿದು ಬಂದಳು. "ನಡೀರಿ. ಇಲ್ಲಿ ಕೂತ್ರ ನನಗ ಹುಚ್ಚು ಹಿಡೀತದ."

ನಾವು ತಲುಪಿದಾಗ ಒಡ್ಡಿನ ಹಿಂದೆ ನಾನೆಂದೂ ಕಾಣದ ಒಂದು ಕೆರೆ ಇತ್ತು. ತುಂಬುತ್ತಿತ್ತು, ಸದ್ದಿಲ್ಲದೆ. ಬೇಲಿಯಾಚೆ ಭರವಾಡ ಗೋಣಿಚೀಲ ಹೊದ್ದು ಆಕಳುಗಳ ಜೊತೆ ನಿಂತಿದ್ದ. ಕೆಳಗಿನಿಂದ ಭಾವ ಗುದ್ದಲಿ ಹಿಡಿದು ಏರಿ ಬರುತ್ತಿದ್ದ. ಬೆನ್ ಕೈ ಸೆರಗಿಗೆ ಹೋಯಿತು.

"ಕಡೀತೀನಿ ಅಂತ ಹೇಳ್ರಿ," ಎಂದು ಅವನು ದೂರದಿಂದಲೇ ಕೂಗಿದ. "ಒಡದ್ರ ಎಲ್ಲಾ ನನ್ನ ಹೊಲದ ಮ್ಯಾಲ ಬರತದ. ನನ್ನ ಹತ್ತಿ ಐತಿ ಅಲ್ಲಿ."

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಕಡಿದರೆ ನೀರು ಅವನ ಹೊಲ ತಪ್ಪಿಸಿ ಕೊರಕಲಿಗೆ ಒಮ್ಮೆಗೇ ನುಗ್ಗಿ, ಬೆನ್ ಹೊಲದ ಮೂಲೆಯನ್ನು ಜೊತೆಗೆ ಎಳೆದೊಯ್ಯುತ್ತದೆ. ಎದ್ದ ಹುಲ್ಲು ಹೋಗುತ್ತದೆ, ದೀಪಾವಳಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಬೆನ್ ನನ್ನ ತೋಳು ಹಿಡಿದಳು. "ಸಾಹೇಬ್ರು ಏನಂದಿದ್ರು? ನಿಮಗ ಹೇಳಿ ಹೋಗ್ಯಾರಲ್ಲ."

ಅವರೆಲ್ಲ ನನ್ನನ್ನು ನೋಡಿದರು, ಭರವಾಡ ಕೂಡ. ನನ್ನ ಬಾಯಲ್ಲಿ ಎರಡು ಉತ್ತರಗಳೂ ಸಿದ್ಧವಿದ್ದವು, ಎರಡೂ ನನ್ನ ಗಂಡನ ದನಿಯಲ್ಲೇ ಇದ್ದವು. ಯಾವುದನ್ನು ಹೇಳಿದರೂ ಅವರು ನಂಬುತ್ತಿದ್ದರು.

"ನನಗ ನೆನಪಿಲ್ಲ, ಬೆನ್," ಎಂದೆ.

ಅವಳು ನನ್ನ ತೋಳು ಬಿಟ್ಟಳು. ಕೊಡೆಯನ್ನು ನನ್ನ ಕೈಗೆ ಕೊಟ್ಟು, ಸೆರಗನ್ನು ಇನ್ನೂ ಕೆಳಗೆ ಎಳೆದುಕೊಂಡು, ಒಡ್ಡಿನ ಮೇಲೆ ನಡೆದು ಹೋದಳು. ಭಾವ ಎಲ್ಲಿ ಗುದ್ದಲಿ ಹಾಕಬಹುದಿತ್ತೋ ಅಲ್ಲಿಯೇ ಕೆಸರಿನಲ್ಲಿ ಕೂತುಬಿಟ್ಟಳು.

ನನಗೆ ಮೊದಲು ಅರ್ಥವಾಗಲಿಲ್ಲ. ಭಾವ ನಿಂತದ್ದು ಕಂಡಾಗ ಅರ್ಥವಾಯಿತು. ಅವನು ಹತ್ತಿರ ಹೋಗುವಂತಿಲ್ಲ. ಏಳು ಎನ್ನುವಂತಿಲ್ಲ. ಆಚೀಚೆ ಅಗೆಯಲು ಎರಡು ಹೆಜ್ಜೆ ಇಟ್ಟ. ಅವಳು ಕೂತಲ್ಲೇ ಅತ್ತ ಜರುಗಿದಳು. ಅವನು ಹಿಂದೆ ಸರಿದ.

"ಏಯ್, ಆಕಿಗೆ ಏಳು ಅಂತ ಹೇಳು!" ಎಂದು ಭರವಾಡನಿಗೆ ಕೂಗಿದ.

"ನಾನ್ಯಾಕ ಹೇಳ್ಲಿ? ನಿಮ್ಮ ಮನೀ ಮಾತು," ಎಂದ ಭರವಾಡ. "ನೀವಾ ಹೇಳ್ರಿ. ಊರಿಗೆಲ್ಲಾ ಗೊತ್ತಾಗಲಿ, ತಮ್ಮನ ಹೆಂಡ್ತಿ ಕೂಡ ಮಾತಾಡಿದ್ರು ಅಂತ."

ಭಾವ ನನ್ನತ್ತ ತಿರುಗಿದ. "ಏಳ್ರಿ ಬೆನ್, ಒಡದ್ರ ಹ್ಯಾಂಗ?" ಎಂದು ನಾನು ಕೂಗಿದೆ, ಅದು ಅವನ ಮಾತಾಗಿತ್ತೋ ನನ್ನದಾಗಿತ್ತೋ ತಿಳಿಯದು. ಅವಳು ಏಳಲಿಲ್ಲ. ಅವಳ ಬೆನ್ನಿನ ಹಿಂದೆ ನೀರು ಏರುತ್ತಿತ್ತು. ಒಡ್ಡಿನ ಆಚೆಯ ಮುಖದಲ್ಲಿ ಹಳೆಯ ಪೈಪಿದ್ದ ಜಾಗದಿಂದ ಮಣ್ಣಿನ ಒಂದು ಹೆಂಟೆ ಜಾರಿ ಬಿತ್ತು. ಆಮೇಲೆ ಇನ್ನೊಂದು. ಅಷ್ಟು ಸಣ್ಣ ಸದ್ದಿಗೆ ನಾನು ಬದುಕಿನಲ್ಲಿ ಎಂದೂ ಅಷ್ಟು ಹೆದರಿಲ್ಲ. ಒಡ್ಡು ಹೋದರೆ ಮೊದಲು ಹೋಗುವವಳು ಅವಳು.

ಭರವಾಡ ಬೇಲಿ ಸರಿಸಿ ಒಳಗೆ ಬಂದು ಆ ಜಾಗಕ್ಕೆ ಮುಳ್ಳುಕಂಟಿ ತುರುಕಿ ಮಣ್ಣು ಮೆಟ್ಟತೊಡಗಿದ. ಭಾವ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಯ್ಯುತ್ತಲೇ ಕೆಳಗಿಳಿದು, ಕಡಿಯಲು ತಂದಿದ್ದ ಗುದ್ದಲಿಯಿಂದ ಅಲ್ಲಿಗೆ ಮಣ್ಣು ಎಳೆದು ಹಾಕಿದ. ಮೇಲೆ ಕೂತವಳತ್ತ ಒಮ್ಮೆಯೂ ತಲೆ ಎತ್ತಲಿಲ್ಲ. ಎಷ್ಟು ಹೊತ್ತಾಯಿತೋ, ನೀರು ಕೋಡಿಯನ್ನು ಮುಟ್ಟಿ ನೆಟ್ಟ ಹುಲ್ಲನ್ನು ಮಲಗಿಸಿ ತೆಳುವಾಗಿ, ಅಗಲವಾಗಿ ಹರಿಯತೊಡಗಿತು. ಏರುವುದು ನಿಂತಿತು.

ಗಂಡ ಮನೆಗೆ ಬಂದ ಮೇಲೆ ನಾನು ಮೊದಲು ಕೇಳಿದ್ದು ಅದನ್ನೇ. "ಗೇಣು ಉಳದ್ರ ಏನ್ ಮಾಡಂದಿದ್ರಿ?"

"ಯಾವ ಗೇಣು? ನಾ ಹಂಗೇನೂ ಹೇಳೇ ಇಲ್ಲಲ," ಎಂದು ಅವರು ಒದ್ದೆ ಕಾಲುಚೀಲ ಹಿಂಡಿದರು.

ಹೇಳಿದ್ದರೆಂದು ನಾನು ಇಂದಿಗೂ ಅಂದುಕೊಂಡಿದ್ದೇನೆ. ಬೆನ್ ಮಾಡಿದ್ದು ಸರಿಯಾಗಿತ್ತೆಂದು ಹೇಳುವ ಧೈರ್ಯ ಮಾತ್ರ ಈಗಲೂ ಇಲ್ಲ. ಇನ್ನೊಂದು ತಾಸು ಮಳೆ ಹಾಗೆಯೇ ಹೊಡೆದಿದ್ದರೆ ಈ ಬರಹವೇ ಬೇರೆಯಾಗುತ್ತಿತ್ತು.

ಒಡ್ಡಿನ ಹಿಂದಿನ ನೀರು ವಾರಗಟ್ಟಲೆ ಇಂಗುತ್ತ ಇಂಗುತ್ತ ಹೋಯಿತು. ಅದು ಹೋದ ಹಿಂದೆಯೇ ಹುಲ್ಲು ಬಂತು. ಮೇಲಿನ ಅರ್ಧದಲ್ಲಿ ಮೊಣಕಾಲುದ್ದ, ಕೆಳಗಿನ ಮೂಲೆಯಲ್ಲಿ ಇನ್ನೂ ಬೋಳು. ತೆನೆ ಬಲಿತ ಮೇಲೆ ಆಕಳುಗಳು ಒಳಗೆ ಬಂದವು. ಮೂರು ದಿನಕ್ಕೊಮ್ಮೆಯೋ ನಾಲ್ಕು ದಿನಕ್ಕೊಮ್ಮೆಯೋ ಹಗ್ಗ ಮುಂದಕ್ಕೆ ಸರಿಯುತ್ತಿತ್ತು. ಪ್ರತಿ ಭಾನುವಾರ ಬೆನ್ ಬೋಳು ಮೂಲೆಯನ್ನೇ ನೋಡುತ್ತಿದ್ದಳು. ಭಾವ ಯಾವುದನ್ನು ಎಣಿಸುತ್ತಾನೆ, ಹುಲ್ಲನ್ನೋ ಬೋಳನ್ನೋ?

ದೀಪಾವಳಿಗೆ ಮೊದಲೇ, ಬೆನ್ ಮತ್ತು ನಾನು ಹೊಲದಲ್ಲಿದ್ದ ಒಂದು ಭಾನುವಾರ, ಅವನು ಟ್ರ್ಯಾಕ್ಟರ್ ತರಿಸಿದ. ಭಟ್ಟಿಯವನು ಮಣ್ಣು ನೋಡಿಕೊಂಡು ಹೋಗಲು ಖಾಲಿ ಟ್ರಾಲಿಯ ಸಮೇತ ಬಂದು ನೇರ ಹುಲ್ಲಿನೊಳಗೆ ಇಳಿಸಿದ. ಒಡ್ಡಿನ ಹತ್ತಿರ ನೆಲ ಮೇಲೆ ಒಣಗಿತ್ತು, ಒಳಗೆ ಒಣಗಿರಲಿಲ್ಲ. ಟ್ರಾಲಿಯ ಚಕ್ರ ಅಚ್ಚಿನವರೆಗೆ ಹೂತುಹೋಯಿತು. ಅವನು ಇಳಿದು ಒಂದು ಹಿಡಿ ಮಣ್ಣು ಹಿಸುಕಿ, ಬೇರುಗಳ ಸಿಕ್ಕನ್ನು ಎಳೆದು ನೋಡಿ ಬಿಸಾಕಿದ. "ಇದು ಈ ವರ್ಷ ಆಗೂದಿಲ್ಲ. ಬರೀ ಹಸಿ, ಬರೀ ಬೇರು."

ಈ ವರ್ಷ ಎಂದಷ್ಟೇ ಅವನು ಹೇಳಿದ್ದ; ಮುಂದಿನ ವರ್ಷದ ಮಾತು ಹಾಗೇ ಉಳಿಯಿತು.

ಭಾವ ಹುಲ್ಲಿನ ನಡುವೆ ನಿಂತಿದ್ದ. ಸುತ್ತ ಆಕಳುಗಳು ಬಾಯಿ ಹಾಕಿ ಪರಪರ ಹರಿಯುತ್ತಿದ್ದವು. ಕೊನೆಗೆ ಆಕಾಶ ನೋಡಿ ಹೇಳಿದ, "ನನ್ನ ಎಮ್ಮಿಗೋಳಿಗೆ ಎರಡು ಹೊರಿ ಹುಲ್ಲು ಸಿಗತದೇನು ಕೇಳ್ರಿ."

ಬೆನ್ ಹತ್ತಿರದ ಆಕಳಿನ ಬೆನ್ನು ಸವರುತ್ತ, ಸೆರಗಿನೊಳಗಿಂದಲೇ, "ಮೊದಲು ಆ ಟ್ರ್ಯಾಕ್ಟರ್ ನನ್ನ ಹೊಲದಾಗಿಂದ ಹೊರಗ ಹೋಗ್ಲಿ ಅಂತ ಹೇಳ್ರಿ," ಎಂದಳು.

ನಾನು ಹೇಳಬೇಕಾಗಿ ಬರಲಿಲ್ಲ. ಅವನು ಧೋತರವನ್ನು ಮೇಲೆ ಕಟ್ಟಿ, ಟ್ರಾಲಿಯ ಹಿಂದೆ ಹೋಗಿ ಹೆಗಲು ಕೊಟ್ಟ.