ತೊಂಬತ್ತೆರಡನೇ ಪುಟದ ನಕಲು

ನಮ್ಮೆಜಮಾನ್ರದು ಜೆರಾಕ್ಸ್ ಅಂಗಡಿ. ಇಪ್ಪತ್ತೆಂಟು ವರ್ಷದಿಂದ ಊರಿನವರ ಮಾರ್ಕ್ಸ್‌ಕಾರ್ಡು, ಮನೆಪತ್ರ ಎಲ್ಲವನ್ನೂ ಆ ಗಾಜಿನ ಮೇಲೆ ಬೋರಲು ಮಲಗಿಸಿದ ಮನುಷ್ಯ. ಯಾರೇ ಕಾಗದ ಚಾಚಲಿ, ತಲೆಯೆತ್ತದೆ ಒಂದೇ ಮಾತು: "ನಕಲು ಎಷ್ಟು?" ಆ ಹಾಳು ಪದವೇ ಕೊನೆಗೆ ಅವರ ಕುತ್ತಿಗೆಗೆ ಬಂತು.

ನನ್ನ ಮೈದುನ ಒಂದು ಸರ್ಕಾರಿ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದ. ಒಂದು ಮಧ್ಯಾಹ್ನ ಉಕ್ಕಿನ ಹಗ್ಗ ಕಿತ್ತು ಲಿಫ್ಟ್ ಬಿತ್ತು. ಒಳಗೆ ಅವನೊಬ್ಬನೇ. ತನಿಖೆಯವರು "ನಿಯಮದಂತೆ ಎಲ್ಲ ಸರಿಯಿತ್ತು, ನಡೆಸುವವನ ಅಜಾಗರೂಕತೆ" ಅಂತ ಷರಾ ಬರೆದು ಕೈತೊಳೆದುಕೊಂಡರು. ಸತ್ತವನು ಎದ್ದು ಬಂದು ಜಗಳ ಆಡ್ತಾನಾ? ನನ್ನ ವಾರಗಿತ್ತಿ ಮಾತ್ರ ಇವರಿಗೆ ಕೈಮುಗಿದಳು: "ಭಾವ, ಅವರ ಮೇಲಿರೋ ಆ ಮಾತೊಂದು ಅಳಿಸಿಬಿಡಿ."

ಯಾವ ನಿಯಮ ಅಂತ ಕೇಳಿದರೆ ಅದಕ್ಕೊಂದು ಪುಸ್ತಕ ಇದೆಯಂತೆ. ಲಿಫ್ಟುಗಳನ್ನು ನೋಡಿಕೊಳ್ಳೋ ಇಲಾಖೆಯ ಗುಮಾಸ್ತ, "ಇದರ ಕಾಪಿರೈಟ್ ನಮ್ಮ ಇಲಾಖೆದು. ಬೇಕಾದರೆ ಸೋಮವಾರ ಬಂದು ಇಲ್ಲೇ ಕೂತು ಓದಿ, ಸಲಕ್ಕೆ ಒಂದೇ ಪುಟ. ಜೆರಾಕ್ಸೂ ಇಲ್ಲ, ಪೆನ್ನೂ ಇಲ್ಲ" ಅಂದ. ನಾವು ಪಾಲಿಸಬೇಕಾದ ನಿಯಮ ನಮಗೇ ಕೊಡಲ್ಲವಂತೆ! ಎಂಥಾ ನ್ಯಾಯರೀ ಇದು?

ಇವರು ಪ್ರತಿ ಸೋಮವಾರ ಹೋಗಿ ಒಂದು ಪುಟ ಬಾಯಿಪಾಠ ಮಾಡಿ, ದಾರಿಯಲ್ಲಿ ಯಾರನ್ನೂ ಮಾತಾಡಿಸದೆ ಅಂಗಡಿಗೆ ಬಂದು ಬರೆದಿಡೋರು. ನಾನೇ ಎದುರು ಸಿಕ್ಕರೂ ಕೈ ಅಡ್ಡ ಹಿಡಿಯೋರು. ಜೊತೆಗೆ ಚಳವಳಿ ಬೇರೆ. ಇವರು, ಒಬ್ಬ ರಿಟೈರ್ಡ್ ಮೇಷ್ಟ್ರು, ಒಬ್ಬಳು ಟೈಪಿಸ್ಟು. ಮೂರೇ ಜನ ಬೋರ್ಡು ಹಿಡಿದು ಇಲಾಖೆ ಮುಂದೆ ನಿಲ್ಲೋರು: "ಕಾನೂನಿನ ಪುಸ್ತಕಕ್ಕೆ ಕಾಪಿರೈಟ್ ಬೇಡ, ತನಿಖೆಯ ಕಡತ ಎಲ್ಲರಿಗೂ ತೋರಿಸಿ." ಹೋಗಿಬರೋರು ಇವರನ್ನೇ ಬಸ್ಸಿನ ಟೈಮು ಕೇಳೋರು. ನಾನು ನಗ್ತಿದ್ದೆ. ನಗಬಾರದಿತ್ತು.

ಎರಡು ವರ್ಷಕ್ಕೆ ತೊಂಬತ್ತೆರಡನೇ ಪುಟದಲ್ಲಿ ಸಿಕ್ಕಿತು. ಹಗ್ಗವನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಿ ಆ ತಾರೀಖನ್ನು ಲಿಫ್ಟಿನೊಳಗೆ ಬರೆದು ಹಾಕಬೇಕಂತೆ. ಮೈದುನನ ಲಿಫ್ಟಿನಲ್ಲಿದ್ದ ತಾರೀಖು ಅದು ಬಿದ್ದ ದಿನಕ್ಕೇ ನಾಲ್ಕು ವರ್ಷ ಹಳೇದು! ಅವತ್ತು ನಾವಿಬ್ಬರೂ ಅತ್ತೆವು.

ಷರಾ ತೆಗೀರಿ ಅಂತ ಅರ್ಜಿ ಹಾಕಿ, ಅದರ ವಿಚಾರಣೆಗೆ ಆ ಕೈಬರಹದ ಕಟ್ಟು ಒಯ್ದರು. ಅಧಿಕಾರಿ ಕಣ್ಣು ಹಾಯಿಸಿ, "ಏನ್ರೀ ಇದು?" ಅಂದ.

ಇವರು ಅಭ್ಯಾಸಬಲದಿಂದ, "ನಕಲು ಸಾರ್."

"ನಕಲು ಎಂದು ಅರ್ಜಿದಾರರೇ ಒಪ್ಪಿದ್ದಾರೆ" ಅಂತ ಆತ ಬರೆಸಿದ. ಇವರು ಹೇಳಿದ್ದು ಪುಸ್ತಕದ ಪ್ರತಿ ಅಂತ, ಆತ ಹಿಡಿದದ್ದು ಸುಳ್ಳು ದಾಖಲೆ ಅಂತ. ಅಯ್ಯೋ, 'ಪ್ರತಿ ಸಾರ್' ಅಂದಿದ್ದರೆ ಏನಾಗ್ತಿತ್ತು ಇವರಿಗೆ! ಸಾಕ್ಷಿ ತಳ್ಳಿಹಾಕಿದರು. ಹದಿನೈದು ದಿನಕ್ಕೆ ಅದೇ ಇಲಾಖೆಯ ನೋಟೀಸು: ನಮ್ಮ ಪುಸ್ತಕವನ್ನು ಅಕ್ಷರಕ್ಕಕ್ಷರ ನಕಲು ಮಾಡಿದ್ದೀರಿ. ಈಗ ಮಾತ್ರ ನಕಲು ಅಂದರೆ ಪ್ರತಿ! ಮೆಷಿನ್ನು ಹೊತ್ತುಕೊಂಡು ಹೋದರು.

ವಾಪಸು ಬೇಕಿದ್ದರೆ ಮುಚ್ಚಳಿಕೆ ಬರೆದುಕೊಡಿ ಅಂದರು. ಇನ್ನು ಆ ಪುಸ್ತಕದ ಒಂದು ಸಾಲನ್ನೂ ಬರೆಯಲ್ಲ, ಅಚ್ಚು ಹಾಕಲ್ಲ, ಬಾಯಲ್ಲೂ ಹೇಳಲ್ಲ ಅಂತ. ಇವರು ಒಪ್ಪಲಿಲ್ಲ. ಸಹಿ ಹಾಕಿ ಅಂತ ಪೀಡಿಸಿದವಳು ನಾನೇ. ಮನೆ ನಡೀಬೇಕಲ್ಲ.

ಮೆಷಿನ್ನು ಬಂದ ಮಾರನೇ ದಿನ ವಾರಗಿತ್ತಿ ಅಂಗಡಿಗೆ ಬಂದಳು.

"ಭಾವ, ಆ ಸಾಲೊಂದು ಹೇಳಿ. ಯಾರೂ ನಂಬದಿದ್ರೆ ಬೇಡ, ಅವರ ತಪ್ಪಿರಲಿಲ್ಲ ಅಂತ ನನಗೆ ಬಾಯಿಗೆ ಬರಲಿ."

ಇವರು, "ಹೇಳಲ್ಲ ಅಂತ ಬರೆದುಕೊಟ್ಟಿದ್ದೀನಮ್ಮಾ" ಅಂದರು.

ಅವಳು ನನ್ನ ಕಡೆ ತಿರುಗಿದಳು. ಆ ಸಾಲು ನನಗೂ ಬಾಯಿಗೆ ಬರುತ್ತೆ. ನಾನು ಮೆಷಿನ್ನಿನ ಗಾಜು ಒರೆಸುತ್ತಾ ನಿಂತೆ.