ಜೇಬಿನಿಂದ ಬಿದ್ದ ಹುಣಸೆ ಬೀಜ

ಈ ವರ್ಷದ ಮ್ಯಾರಥಾನಿನ ಸ್ಮರಣ ಸಂಚಿಕೆಗೆ, ಹಾಸನದಲ್ಲಿ ದೂರದ ಓಟ ಬೆಳೆದುಬಂದ ಬಗೆಯನ್ನು ಬರೆದುಕೊಡಿ ಎಂದು ಕೇಳಿದ್ದಾರೆ. ಹಳಬ ಎಂಬ ಮರ್ಯಾದೆ. ವಾರವಾದರೂ ಒಂದು ಸಾಲಿಗಿಂತ ಮುಂದೆ ಹೋಗಲು ಆಗಿಲ್ಲ. ಆ ಇತಿಹಾಸದ ಮೊದಲ ಪುಟದಲ್ಲಿ ನನ್ನ ತಪ್ಪೇ ಕೂತಿದೆ.

ನಾವು ಓದುತ್ತಿದ್ದ ಕಾಲದಲ್ಲಿ ನಮ್ಮೂರಿಗೆ ಓಟವೆಂದರೆ ಟ್ರ್ಯಾಕ್. ಸಂಜೆಯಾದರೆ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕಡಲೆಕಾಯಿ ಬಿಡಿಸುತ್ತಾ, ಯಾರು ಯಾವ ತಿರುವಿನಲ್ಲಿ ಸೋತರು ಎಂದು ಜಗಳವಾಡುವವರೇ ಎಲ್ಲ. ರಸ್ತೆಯಲ್ಲಿ ಓಡುವುದು ನಮ್ಮ ಪಾಲಿಗೆ ಓಟವೇ ಅಲ್ಲ, ಬಸ್ಸು ತಪ್ಪಿದವರ ಪಾಡು.

ನನ್ನ ಗೆಳೆಯ ಕೊಣನೂರಿನ ಕಡೆಯವನು. ಹಾಸ್ಟೆಲಿನಲ್ಲಿ ಒಂದೇ ಕೋಣೆ ನಮ್ಮದು. ನಾನು ನಾನೂರು ಮೀಟರಿನವನು, ಅವನು ಹತ್ತು ಸಾವಿರದವನು. ಹತ್ತು ಸಾವಿರವೆಂದರೆ ಇಪ್ಪತ್ತೈದು ಸುತ್ತು. ದಣಿದು ಓಡುವವನಿಗೆ ಎಣಿಕೆ ತಪ್ಪುತ್ತದೆ. ಅದಕ್ಕೇ ಬೇರೊಬ್ಬ ಎಣಿಸಿ, ಕೊನೆಯ ಸುತ್ತಿಗೆ ಗಂಟೆ ಬಾರಿಸಬೇಕು. ನಾವು ಎಣಿಸುತ್ತಿದ್ದುದು ಹುಣಸೆ ಬೀಜದಲ್ಲಿ. ಬಲ ಜೇಬಿನಲ್ಲಿ ಇಪ್ಪತ್ತೈದು ಬೀಜ, ಸುತ್ತು ಮುಗಿದಂತೆ ಒಂದೊಂದೇ ಎಡ ಜೇಬಿಗೆ. ಬಲದಲ್ಲಿ ಒಂದೇ ಉಳಿದಾಗ ಗಂಟೆ.

ರಾಜ್ಯ ತಂಡಕ್ಕೆ ಆಯ್ಕೆ ನಡೆದ ದಿನ ಗಂಟೆ ನನ್ನ ಕೈಯಲ್ಲಿತ್ತು. ಅವನೇ ಮುಂದಿದ್ದ. ಬಲ ಜೇಬಿನಲ್ಲಿ ಒಂದೇ ಬೀಜ ಉಳಿಯಿತು, ಬಾರಿಸಿದೆ. ಅವನು ಮೈಯಲ್ಲಿದ್ದ ಕಸುವನ್ನೆಲ್ಲ ಸುರಿದು ಓಡಿ, ಗೆರೆ ದಾಟಿ ನೆಲಕ್ಕೆ ಬಿದ್ದ. ಆಗ ತೀರ್ಪುಗಾರರು ಕೂಗಿದರು: "ಏ, ಇನ್ನೊಂದು ಸುತ್ತೈತೆ!" ಎದ್ದ, ನಾಲ್ಕು ಹೆಜ್ಜೆ ಇಟ್ಟ, ಕೂತುಬಿಟ್ಟ. ಹಿಂದಿದ್ದ ಇಬ್ಬರು ಆ ಕೂಗು ಕೇಳಿ ನಿಲ್ಲದೆ, ಅವನ ಪಕ್ಕದಲ್ಲೇ ಹಾದುಹೋದರು.

ಕೆಳಗೆ ನೋಡಿದೆ. ಬಲ ಜೇಬಿನಿಂದ ಜಾರಿದ ಒಂದು ಬೀಜ ನನ್ನ ಕಾಲ ಬಳಿ ಬಿದ್ದಿತ್ತು. ಅದನ್ನು ಬೂಟಿನಿಂದ ಮಣ್ಣಿಗೆ ಒತ್ತಿದೆ. ತೀರ್ಪುಗಾರರು ಕೇಳಿದಾಗ, "ನನ್ ಎಣಿಕೆ ಸರ್ಯಾಗೈತೆ ಸಾ, ನಿಮ್ ಲೆಕ್ಕದ್ ಹಾಳೇಲೇ ಏನೋ ತಪ್ಪೈತೆ" ಅಂದೆ. ಆ ದಿನದ ನನ್ನನ್ನು ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ಅವನು ಮತ್ತೆ ಟ್ರ್ಯಾಕಿಗೆ ಇಳಿಯಲಿಲ್ಲ. ಬೆಳಗ್ಗೆ ಎದ್ದು ಶಾಂತಿಗ್ರಾಮದವರೆಗೆ ಓಡಿ ವಾಪಸ್ಸು ಬರುತ್ತಿದ್ದ. ವರ್ಷ ಕಳೆದ ಮೇಲೆ ಚನ್ನರಾಯಪಟ್ಟಣದವರೆಗೂ ಓಡಿದ. "ಬಸ್ ತಪ್ಪೋಯ್ತೇನ್ಲಾ?" ಎಂದು ಬಸ್ಸಿನ ಕಿಟಕಿಯಿಂದ ನಗುತ್ತಿದ್ದರು. ನಕ್ಕವರಲ್ಲಿ ನಾನೂ ಒಬ್ಬ. ನಾನು ಕಂಡಂತೆ ನಮ್ಮೂರಿನ ಮೊದಲ ಮ್ಯಾರಥಾನ್ ಓಟಗಾರ ಅವನೇ. ಚಪ್ಪಾಳೆಯಿಲ್ಲ, ಪದಕವಿಲ್ಲ, ಮೆಟ್ಟಿಲ ಮೇಲೆ ಕೂತು ನೋಡುವವರಿಲ್ಲ.

ಕಳೆದ ವರ್ಷ, ಅವನು ತೀರಿಕೊಳ್ಳುವುದಕ್ಕೆ ಹದಿನೈದು ದಿನ ಮುಂಚೆ, ಹೊಳೆನರಸೀಪುರದಲ್ಲಿ ಮಗಳ ಮನೆಯಲ್ಲಿ ಮಲಗಿದ್ದ. ಶ್ವಾಸಕೋಶದ ಕಾಯಿಲೆ, ಹಾಸಿಗೆಯಿಂದ ಬಾಗಿಲಿಗೆ ನಡೆದರೆ ಏದುಸಿರು. ಇನ್ನು ಹೇಳದಿದ್ದರೆ ಎಂದೂ ಹೇಳಲಾರೆ ಎಂದು ಹೋದೆ. ಬಿದ್ದ ಬೀಜ, ಬೂಟು, ಸುಳ್ಳು ಎಲ್ಲವನ್ನೂ ಹೇಳಿ ಅತ್ತೆ.

"ಎಣಿಕೆ ತಪ್ಪೈತೆ ಅಂತ ಅವತ್ತೇ ಗೊತ್ತಿತ್ತು ಕಣ್ಲಾ," ಅಂದ. "ಓಡ್ತಾ ನಾನೂ ಎಣಿಸ್ತಿದ್ದೆ. ಗಂಟೆ ಹೊಡ್ದಾಗ ನನ್ ಲೆಕ್ಕದಾಗೆ ಇನ್ನೂ ಎರಡು ಸುತ್ತಿತ್ತು."

"ಮತ್ಯಾಕ್ಲಾ ಅದೇ ಕೊನೇ ಸುತ್ತು ಅನ್ನಂಗೆ ಓಡ್ದೆ?"

ಉಸಿರು ಸಿಗುವವರೆಗೂ ಕಾದು ಹೇಳಿದ: "ಗಂಟೆ ಹೊಡ್ದೋನು ನೀನಲ್ವೇನ್ಲಾ. ಅದ್ಕೇ."