ಸರ್ವರ್ ಮನೆಗೆ ಬಂದ ನೆಂಟರು

ನಾನು ಜೀವನದಲ್ಲಿ ಒಂದು ಮನೆಯನ್ನೂ ಹುಡುಕಿದವನಲ್ಲ. ಹುಟ್ಟಿದ್ದು ಅಪ್ಪನ ಮನೆಯಲ್ಲಿ, ಮದುವೆಯಾಗಿ ಸೇರಿಕೊಂಡದ್ದು ಅಲ್ಲಾಳಸಂದ್ರದಲ್ಲಿ ಮಾವ ಕಟ್ಟಿಸಿದ ಮನೆಯನ್ನು. ಮನೆಅಳಿಯ ಎಂಬ ಮಾತನ್ನು ಯಾರೂ ನನ್ನೆದುರಿಗೆ ಆಡುವುದಿಲ್ಲ. "ನಿಮಗೇನ್ ಬಿಡಿ, ಆರಾಮು" ಎಂದು ಹೇಳಿ ಅರ್ಥವನ್ನು ನನಗೇ ಬಿಡುತ್ತಾರೆ. ಇಂಥವನ ತಲೆಗೆ ಐವತ್ತು ದಾಟಿದ ಮೇಲೆ ಮನೆ ಹುಡುಕುವ ಕೆಲಸ ಬಿತ್ತು. ಮನುಷ್ಯರಿಗಾದರೂ ಸರಿ ಎನ್ನಬಹುದಿತ್ತು. ಹುಡುಕಬೇಕಾದದ್ದು ಹೆಂಡತಿಯ ವೆಬ್‌ಸೈಟಿಗೆ.

ಸರೋಜಳ ವೆಬ್‌ಸೈಟಿನಲ್ಲಿದ್ದದ್ದು ರಂಗೋಲಿ. ನಮ್ಮ ಅತ್ತೆ ದೊಡ್ಡ ರಂಗೋಲಿಗಾರ್ತಿ. ಯಾವುದನ್ನೂ ಬರೆದಿಟ್ಟವರಲ್ಲ, ಚುಕ್ಕಿ ಲೆಕ್ಕವೆಲ್ಲ ಬಾಯಲ್ಲೇ. ಅವರು ತೀರಿಕೊಂಡ ಮೇಲೆ ಸರೋಜ ನೆನಪಿದ್ದಷ್ಟನ್ನೂ ಒಂದೊಂದಾಗಿ ಅಂಗಳದಲ್ಲಿ ಹಾಕಿ ಫೋಟೊ ತೆಗೆದಳು. "ಅಮ್ಮನ ಎಳೆ ನಾಕ್ ಜನದ ಬಾಗ್ಲಲ್ಲಿ ಬೀಳ್ಬೇಕು ಕಣ್ರೀ, ನನ್ ಜೊತೆಗೇ ಓಗ್ಬಾರ್ದು" ಎಂದಳು. ನನ್ನ ಅಣ್ಣನ ಮಗಳು ಗೌರಿಬಿದನೂರಿನಿಂದಲೇ ಪುಟಗಳನ್ನು ಮಾಡಿಕೊಟ್ಟು, "ಚಿಕ್ಕಪ್ಪ, ಹೋಸ್ಟಿಂಗ್ ಒಂದ್ ನೀವು ನೋಡ್ಕೊಂಬಿಡಿ" ಎಂದಳು. ನೋಡಿಕೊಳ್ಳಲು ಹೋದೆ, ಅಲ್ಲಿಂದ ಶುರುವಾಯಿತು.

ವಿಷಯ ಇಷ್ಟೇ: ವೆಬ್‌ಸೈಟು ಇರುವುದಕ್ಕೆ ಎಲ್ಲೋ ಒಂದು ಕಡೆ ಸದಾ ಚಾಲೂ ಇರುವ ಕಂಪ್ಯೂಟರ್ ಬೇಕು. ಅದನ್ನು ಸರ್ವರ್ ಅನ್ನುತ್ತಾರೆ. ಅಲ್ಲಿ ಜಾಗ ಬಾಡಿಗೆಗೆ ಕೊಡುವವರು ಊರು ತುಂಬ ಇದ್ದಾರೆ. ಇಷ್ಟನ್ನು ಹೇಳಿ ನಿಲ್ಲಿಸಿದ್ದರೆ ಅವರಿಗೆ ಪುಣ್ಯ ಬರುತ್ತಿತ್ತು. ಆದರೆ ಅದರಲ್ಲಿ ಶೇರ್ಡ್ ಅಂತೆ, ವಿಪಿಎಸ್ ಅಂತೆ, ಡೆಡಿಕೇಟೆಡ್ ಅಂತೆ, ಕ್ಲೌಡ್ ಅಂತೆ. ಒಂದೊಂದರ ಕೆಳಗೂ ಮೊಳದುದ್ದದ ಪಟ್ಟಿ, ಪಟ್ಟಿ ತುಂಬ ಹಸಿರು ಟಿಕ್ಕು. ಎಲ್ಲದಕ್ಕೂ ಟಿಕ್ಕು ಹಾಕಿದ ಮೇಲೆ ಆರಿಸುವುದು ಯಾವುದನ್ನು? ಹೆಬ್ಬಾಳದ ನಮ್ಮ ಆಫೀಸಿನ ಕಂಪ್ಯೂಟರ್ ವಿಭಾಗದವನನ್ನು ಕೇಳಿದೆ. "ಅದು ಡಿಪೆಂಡ್ಸ್ ಸರ್" ಅಂದ. ಯಾವುದರ ಮೇಲೆ ಎಂದೆ. "ಅದೂ ಡಿಪೆಂಡ್ಸ್" ಅಂದ. ಈ ಮನುಷ್ಯನಿಗೆ ಸಂಬಳ ಕೊಡುವವರ ಮೇಲೆ ನನಗೆ ಮರುಕ ಹುಟ್ಟಿತು.

ಕೊನೆಗೆ ಈ ಒಗಟನ್ನು ಬಿಡಿಸಿದವಳು ಸರೋಜಳೇ. ಮಾವ ಬಿಟ್ಟುಹೋದ ಬಾಡಿಗೆ ಮನೆಗಳನ್ನೆಲ್ಲ ನೋಡಿಕೊಳ್ಳುವವಳು ಅವಳು. ನಾನು ಓದಿ ಹೇಳಿದ್ದನ್ನು ಕೇಳಿಸಿಕೊಂಡು, ಅವರೆಕಾಯಿ ಬಿಡಿಸುತ್ತ ಕೂತಲ್ಲಿಂದಲೇ ತೀರ್ಪು ಕೊಟ್ಟಳು. "ಶೇರ್ಡ್ ಅಂದ್ರೆ ವಠಾರ. ವಿಪಿಎಸ್ ಅಂದ್ರೆ ಬೇರೆ ಮೀಟ್ರು ಇರೋ ಪೋರ್ಷನ್ನು. ಡೆಡಿಕೇಟೆಡ್ ಅಂದ್ರೆ ಒಂಟಿ ಮನೆ. ಕ್ಲೌಡು ಅಂದ್ರೆ ಜನ ಬಂದಂಗೆ ಶಾಮಿಯಾನ ಎಳ್ಕೊಂಡೋಗೋದು. ಇದ್ರಲ್ಲೇನೈತೆ ತಲೆ ಕೆಡಿಸ್ಕೊಳೋಕೆ?"

ಜಾಗ ಕೊಡುವ ಒಂದು ಕಂಪನಿಗೆ ಫೋನನ್ನೂ ಅವಳೇ ಮಾಡಿದಳು. ಬಾಡಿಗೆದಾರರನ್ನು ವಿಚಾರಿಸಿ ಅಭ್ಯಾಸವಾದ ದನಿಯಲ್ಲೇ ಕಂಪನಿಯ ಹೆಣ್ಣುಮಗಳನ್ನು ವಿಚಾರಿಸಿದಳು. ಆ ಸರ್ವರಿನಲ್ಲಿ ಇನ್ನು ಯಾರ್‍ಯಾರಿದ್ದಾರೆ, ಎಂಥ ಜನ, ಎಷ್ಟು ವರ್ಷದಿಂದ ಇದ್ದಾರೆ. ಆಕೆ ತಡವರಿಸುತ್ತ, "ಅದು ಗೊತ್ತಾಗಲ್ಲ ಮೇಡಂ. ಆದ್ರೆ ಶೇರ್ಡ್ ಪ್ಲ್ಯಾನಲ್ಲಿ ಎಲ್ಲಾ ಅನ್‌ಲಿಮಿಟೆಡ್" ಎಂದಳು. ಅನ್‌ಲಿಮಿಟೆಡ್ ಎಂಬ ಒಂದು ಮಾತಿಗೆ ನನ್ನ ಹೆಂಡತಿ ಸೋತಳು. ಇಪ್ಪತ್ತನಾಲ್ಕು ಗಂಟೆ ನೀರಿನ ಸೌಕರ್ಯ ಎಂದು ನಮ್ಮ ಗೇಟಿನ ಟು-ಲೆಟ್ ಬೋರ್ಡಿನಲ್ಲಿ ಬರೆಸಿದವಳು ಸ್ವತಃ ಇವಳೇ. ದಿನಕ್ಕೆ ಎರಡು ಸಲ ಮಾತ್ರ ಮೋಟಾರ್ ಹಾಕುವವಳೂ ಇವಳೇ. ಆದರೂ ನಂಬಿ ಶೇರ್ಡ್ ಪ್ಲ್ಯಾನನ್ನೇ ಹಿಡಿದಳು.

ಅತಿಥಿ ಎಂದರೆ ತಿಥಿ ನೋಡದೆ ಬರುವವನು ಎಂದು ಸಂಸ್ಕೃತದ ಮೇಷ್ಟ್ರು ಹೇಳಿಕೊಟ್ಟಿದ್ದರು. ಅವರಿಗೆ ರಂಗೋಲಿಯ ವೆಬ್‌ಸೈಟು ಗೊತ್ತಿರಲಿಲ್ಲ. ಅಲ್ಲಿಗೆ ಬರುವವರೆಲ್ಲ ಕ್ಯಾಲೆಂಡರ್ ನೋಡಿಯೇ ಬರುತ್ತಾರೆ. ವರ್ಷವೆಲ್ಲ ನೊಣವೂ ಸುಳಿಯುವುದಿಲ್ಲ. ನಾನು ನಾಲ್ಕು ಸಲ ಹೋಗಿ ಬಂದರೆ ಅದೇ ಆ ದಿನದ ಸಂತೆ. ಧನುರ್ಮಾಸ ಶುರುವಾಗುತ್ತಲೂ ಒಬ್ಬೊಬ್ಬರಾಗಿ ಬಂದರು. ಯಾರೋ ಯಾರಿಗೋ ಹೇಳಿದರು. ಸಂಕ್ರಾಂತಿಯ ಹಿಂದಿನ ದಿನ ಹೆಂಗಸರೆಲ್ಲ ಒಟ್ಟಿಗೇ ಬಂದರು. ಮಧ್ಯಾಹ್ನದ ಹೊತ್ತಿಗೆ ಸೈಟು ಮುಚ್ಚಿತ್ತು. ತೆರೆಯಹೋದರೆ ರಂಗೋಲಿಯ ಜಾಗದಲ್ಲಿ ಒಂದು ಬಿಳಿ ಪುಟ, ಈ ಖಾತೆಯನ್ನು ತಡೆಹಿಡಿಯಲಾಗಿದೆ ಎಂದು.

ನನಗೆ ಮೈಯೆಲ್ಲ ಉರಿಯಿತು. ಊಟ ಬಡಿಸುವ ಹೊತ್ತಿಗೆ ಸರಿಯಾಗಿ ಅಡುಗೆಮನೆಗೆ ಬೀಗ ಹಾಕುವುದನ್ನು ಯಾವ ಛತ್ರದವನೂ ಮಾಡಲಾರ. ಸರೋಜ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದವಳು ಹಾಗೇ ಎದ್ದು ಬಂದು, ನಾನು ಕಂಪನಿಗೆ ಹಚ್ಚಿದ್ದ ಫೋನ್ ಕಸಿದುಕೊಂಡಳು.

"ಅಲ್ಲಮ್ಮಾ, ಅಬ್ಬಕ್ಕೆ ಜನ ಬರ್ದೆ ಇನ್ಯಾವಾಗ ಬರ್ತಾರೆ? ನೀನೇ ತಾನೆ ಅನ್‌ಲಿಮಿಟೆಡ್ ಅಂದಿದ್ದು?"

ಫೋನಿನ ಸ್ಪೀಕರ್ ಆನ್ ಆಗಿತ್ತು. ಆ ಕಡೆಯಾಕೆ ಬಹಳ ಮರ್ಯಾದೆಯಿಂದ ಹೇಳಿದಳು: "ಹೌದು ಮೇಡಂ. ಆದ್ರೆ ನಿಮ್ ಕಡೆಯವ್ರು ಇಷ್ಟೊಂದ್ ಜನ ಒಂದೇ ಸಲ ಬಂದ್ರೆ, ಉಳಿದ ಮನೆಯವ್ರಿಗೆ ತೊಂದ್ರೆ ಆಗುತ್ತಲ್ವಾ?"

ಸರೋಜಳ ಕಣ್ಣು ಮೆಟ್ಟಿಲ ಕಡೆಗೆ ಹೋಯಿತು. ಏಕೆಂದು ನನಗೆ ತಿಳಿದಿತ್ತು. ಮಹಡಿಯ ಮನೆಯಲ್ಲಿ ಬಾಡಿಗೆಗಿರುವ ರೂಪಾಗೆ ತಿಪಟೂರಿನಿಂದ ಹಬ್ಬಕ್ಕೆ ನೆಂಟರು ಬಂದಿದ್ದರು. ಬೆಳಿಗ್ಗೆ ತಾನೇ ಮೆಟ್ಟಿಲ ಬುಡದಲ್ಲಿ ನಿಂತು ಇವಳು ನೀರಿನ ವಿಷಯಕ್ಕೆ ಅದೇ ಮಾತನ್ನು, ಹೆಚ್ಚುಕಡಿಮೆ ಅದೇ ಮರ್ಯಾದೆಯಲ್ಲಿ, ರೂಪಾಗೆ ಹೇಳಿ ಬಂದಿದ್ದಳು.

ಫೋನನ್ನು ನನ್ನ ಕೈಗಿಟ್ಟು, "ಆ ಶಾಮಿಯಾನದ್ದೇ ಆಕಿಸ್ರೀ" ಎಂದಳು. ಹಾಕಿಸಿದೆ. ಸಾಮಾನು ಸಾಗಿಸಿ ಬಾಗಿಲು ತೆರೆಯಲು ನಾಳೆ ಮಧ್ಯಾಹ್ನವಾಗುತ್ತದೆ ಎಂದರು. ಅಷ್ಟರಲ್ಲಿ ಯಾರ ಅಂಗಳದಲ್ಲಿ ಯಾವ ರಂಗೋಲಿ ಬೀಳಬೇಕೋ ಬಿದ್ದು ಮುಗಿದಿರುತ್ತದೆ. ಸರೋಜಳ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು ಹಿತ್ತಲಿಗೆ ಹೋದಳು. ಮೋಟಾರ್ ಸದ್ದಾಯಿತು. ಹೊತ್ತಲ್ಲದ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಆ ಸದ್ದು ಕೇಳಿದ್ದು ಅದೇ ಮೊದಲು.

"ರೂಪಾ, ಟ್ಯಾಂಕ್ ತುಂಬ್ಸಿದೀನಿ, ನಿಮ್ಮೋರೆಲ್ಲ ಧಾರಾಳವಾಗಿ ನೀರ್ ಬಳಸ್ಕೊಳ್ಳಿ" ಎಂದು ಕೂಗಿದಳು. ಸ್ವಲ್ಪ ತಡೆದು, "ಬೆಳಿಗ್ಗೆ ರಂಗೋಲಿಗೆ ಎಲ್ರೂ ಕೆಳಗ್ಬನ್ನಿ" ಎಂದಳು.

ಸಂಕ್ರಾಂತಿಯ ಬೆಳಿಗ್ಗೆ ತಿಪಟೂರಿನ ಹೆಂಗಸರು ನಮ್ಮ ಅಂಗಳದಲ್ಲಿ ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಸರೋಜ ಗೇಟಿಗೊರಗಿ ನಿಂತು ನಮ್ಮ ಅತ್ತೆಯ ಚುಕ್ಕಿ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದಳು. ರೂಪಾಳ ಅತ್ತಿಗೆ ಒಂದನ್ನು ಹಾಕಿ, ಅಳಿಸಿ, ಮತ್ತೆ ಹಾಕಿ ಕಲಿತಳು. ಯುಗಾದಿಗೆ ತಮ್ಮೂರಲ್ಲಿ ಇದನ್ನೇ ಹಾಕುತ್ತಾಳಂತೆ. ಹೊಸ ಜಾಗದಲ್ಲಿ ವೆಬ್‌ಸೈಟು ತೆರೆದುಕೊಂಡಾಗ ಇಷ್ಟೆಲ್ಲ ಮುಗಿದು, ಅಂಗಳದಲ್ಲಿ ಪುಡಿ ಒಣಗಿತ್ತು. ಸರೋಜ ಸೈಟನ್ನು ಸಂಜೆಯವರೆಗೂ ನೋಡಲೇ ಇಲ್ಲ.

ಈಗ ಯಾರಾದರೂ ಯಾವ ಹೋಸ್ಟಿಂಗ್ ಒಳ್ಳೆಯದು ಎಂದು ಕೇಳಿದರೆ ನಾನು ಟಿಕ್ಕುಗಳ ಸುದ್ದಿಗೇ ಹೋಗುವುದಿಲ್ಲ. ನಿಮ್ಮ ಮನೆಗೆ ನೆಂಟರು ಬರುವುದು ಯಾವಾಗ ಎಂದು ಕೇಳುತ್ತೇನೆ. ಅವರಿಗೆ ನನ್ನ ತಲೆ ಸರಿಯಿದೆಯೇ ಎಂದು ಅನುಮಾನ.

ನನಗಿರುವ ಯೋಚನೆ ಬೇರೆ. ಗೌರಿಬಿದನೂರಿನ ನಮ್ಮಣ್ಣ ನನ್ನ ಮದುವೆಯಾದಾಗಿನಿಂದ ಈ ಮನೆಗೆ ಬೆಳಿಗ್ಗೆ ಬಂದರೆ ಸಂಜೆಯ ಬಸ್ಸಿಗೇ ಹೊರಡುತ್ತಾನೆ. ನೀರಿನ ಲೆಕ್ಕ ಅವನಿಗೂ ಗೊತ್ತು. ಈ ಯುಗಾದಿಗೆ ಅವನನ್ನು ಸಂಸಾರಸಮೇತ ಕರೆದು ನಾಲ್ಕು ದಿನ ಇಟ್ಟುಕೊಳ್ಳಬೇಕೆಂದಿದೆ. ಸರೋಜಳನ್ನು ಇನ್ನೂ ಕೇಳಿಲ್ಲ. ಈಗಷ್ಟೇ ಹಿತ್ತಲಿಗೆ ಹೋಗಿ ಮೋಟಾರ್ ಹಾಕಿ ಬಂದಿದ್ದೇನೆ. ಅವಳು ಒಳಗಿನಿಂದ ಏನಾದರೂ ಅನ್ನುತ್ತಾಳೇನೋ ಎಂದು ಕಾಯುತ್ತ ಕೂತಿದ್ದೇನೆ. ಟ್ಯಾಂಕು ಅರ್ಧಕ್ಕೆ ಬಂದಿರಬೇಕು, ಇನ್ನೂ ಏನೂ ಅಂದಿಲ್ಲ.